ನಲವತ್ತು ನಿಮಿಷದ ಜಗಳ

ಆ ಮನೆಯಲ್ಲಿ ಅವಳು ರೋಗಿಯೋ ಅಲ್ಲವೋ ಎಂಬುದು ಗಡಿಯಾರ ನೋಡಿ ತೀರ್ಮಾನವಾಗುತ್ತಿತ್ತು. ಬೆಳಗ್ಗೆ ಆರಕ್ಕೆ ಎದ್ದು ಮೂರು ಡಬ್ಬಿಗೆ ಊಟ ತುಂಬುವಾಗ ಅವಳಿಗೆ ಏನೂ ಆಗಿರಲಿಲ್ಲ, ಗುಂಡುಕಲ್ಲಿನ ಹಾಗಿದ್ದಳು. ಹತ್ತು ಗಂಟೆಗೆ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಟ್ಟೆ ಒಣಹಾಕುವಾಗಲೂ ಗಟ್ಟಿಯಾಗಿಯೇ ಇದ್ದಳು. ಸಂಜೆ ಐದೂವರೆಗೆ ಬಾಗಿಲ ಹತ್ತಿರ ಕೂತು ಬೂಟಿನ ದಾರ ಕಟ್ಟತೊಡಗಿದಳೆಂದರೆ ಸಾಕು, ಮನೆಮಂದಿಗೆಲ್ಲ ಒಮ್ಮೆಗೇ ಅವಳ ಕಾಯಿಲೆ ನೆನಪಾಗುತ್ತಿತ್ತು.

"ಎಲ್ಲಿಗಮ್ಮ ಹೊರಟೆ? ರೆಸ್ಟ್ ತಗೋ ಅಂದ್ರೆ ಕೇಳಲ್ವಲ್ಲ ನೀನು," ಎನ್ನುತ್ತಿದ್ದ ಮಗ. ಅವನಿಗೆ ಔಷಧಿ ಅಂಗಡಿಯಲ್ಲಿ ಬೆಳಗಿನ ಪಾಳಿ. ಲೋಕದಲ್ಲಿರುವ ಕಾಯಿಲೆಗಳೆಲ್ಲ ಒಂದು ಮಾತ್ರೆ, ಒಂದು ನಿದ್ದೆಯಲ್ಲಿ ವಾಸಿಯಾಗುತ್ತವೆ ಎಂದು ಅವನು ನಂಬಿದ್ದ.

"ಮನೆ ಕೆಲಸಾನೇ ವ್ಯಾಯಾಮ ಅಲ್ವಾ ಅತ್ತೆ?" ಎನ್ನುತ್ತಿದ್ದಳು ಸೊಸೆ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ದಿನವಿಡೀ ಫೋನೆತ್ತಿ ಸುಸ್ತಾಗಿ ಬಂದವಳು. "ಗುಡಿಸೋದು, ಒರೆಸೋದು, ಪುಟ್ಟಿ ಹಿಂದೆ ಓಡೋದು. ಇದಕ್ಕಿಂತ ಇನ್ನೇನು ಬೇಕು?"

"ನಾನು ದಿನಾ ಎಂಟು ಮೈಲಿ ನಡೀತೀನಿ ಕಣೇ," ಎಂದು ಗಂಡ ಕುರ್ಚಿಯಲ್ಲಿ ಕಾಲು ಚಾಚುತ್ತಿದ್ದ. ಅವನು ವಿದ್ಯುತ್ ಮೀಟರ್ ಓದುವವನು. ಮನೆಮನೆ ಹತ್ತಿ ಇಳಿದು ಬಂದ ಮೇಲೆ ನೀರಿನ ಲೋಟವೂ ಅವನ ಕೈಗೇ ಬರಬೇಕು. "ಇಬ್ಬರಿಗೂ ಆಗುವಷ್ಟು ನಾನೇ ನಡೆದಿದ್ದೀನಿ. ನೀನು ಸುಮ್ನೆ ಕೂತ್ಕೋ. ಹಾಗೇ ಚಹಾ ಮಾಡು."

ಕೂತುಕೊಂಡೇ ಚಹಾ ಮಾಡುವುದು ಹೇಗೆಂದು ಅವಳು ಕೇಳಲಿಲ್ಲ. ಬೂಟು ಬಿಚ್ಚಿಟ್ಟು ಒಲೆ ಹಚ್ಚಿದಳು.

ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಕತ್ತರಿಯಕ್ಕ ಎಂದು. ಶಾಲಾ ಯೂನಿಫಾರಂ ಹೊಲಿಯುವ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಬಟ್ಟೆ ಕತ್ತರಿಸಿದವಳು. ನಲವತ್ತು ಪದರ ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಯಂತ್ರ ಹಿಡಿದು ಒಂದೇ ಸಲ ಕತ್ತರಿಸಿದರೆ ಮೇಲಿನ ಚಡ್ಡಿಗೂ ಕೆಳಗಿನ ಚಡ್ಡಿಗೂ ಒಂದು ಎಳೆ ವ್ಯತ್ಯಾಸ ಬರುತ್ತಿರಲಿಲ್ಲ. ಒಂಬತ್ತು ತಿಂಗಳ ಹಿಂದೆ ಅವಳಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಬಲಗಡೆಯ ಮೊಲೆ ತೆಗೆದರು, ಕಂಕುಳಿನ ಗಂಟುಗಳನ್ನು ತೆಗೆದರು, ಔಷಧಿ ಏರಿಸಿದರು, ಕಿರಣ ಕೊಟ್ಟರು. ಕೂದಲು ಹೋಗಿ ಮತ್ತೆ ಬ್ರಷ್ಷಿನ ಹಾಗೆ ನೆಟ್ಟಗೆ ಬಂತು. ಕಡೆಗೆ ಡಾಕ್ಟರು, ರೋಗ ಹೋಗಿದೆ, ಇನ್ನು ಮೈ ಗಟ್ಟಿ ಮಾಡಿಕೊಳ್ಳುವುದು ನಿಮ್ಮ ಕೆಲಸ ಎಂದು ಹೇಳಿ ವ್ಯಾಯಾಮ ಕಲಿಸುವ ಹುಡುಗಿಯ ಹತ್ತಿರ ಕಳಿಸಿದರು.

"ದಿನಾ ನಲವತ್ತು ನಿಮಿಷ ನಡೀಬೇಕು ಅಮ್ಮ. ಸುಸ್ತು ಹೋಗುತ್ತೆ, ನಿದ್ದೆ ಬರುತ್ತೆ, ಕಾಯಿಲೆ ಮತ್ತೆ ಬರೋ ಭಯಾನೂ ಕಡಿಮೆಯಾಗುತ್ತೆ," ಎಂದಳು ಆ ಹುಡುಗಿ. "ಎಷ್ಟು ಜೋರಾಗಿ ಅಂದ್ರೆ, ನಡೀತಾ ಮಾತಾಡೋಕಾಗಬೇಕು, ಹಾಡೋಕಾಗಬಾರದು."

"ಹಾಡೋಕೆ ನಂಗೆ ಹುಟ್ಟಿದಾಗಿಂದ್ಲೂ ಆಗಲ್ಲ ಬಿಡಮ್ಮ."

ಹುಡುಗಿ ನಕ್ಕಳು. ಬಲಗೈಗೆ ಇನ್ನೊಂದು ಪಾಠ ಹೇಳಿಕೊಟ್ಟಳು. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಇರುವೆ ಹತ್ತುವ ಹಾಗೆ ಮೇಲೆ ಮೇಲೆ ಹತ್ತಿಸಬೇಕು. ನೋವಾದ ಕಡೆ ನಿಂತು ಉಸಿರು ಬಿಟ್ಟು, ಇನ್ನೊಂದು ಬೆರಳಷ್ಟು ಹತ್ತಿಸಬೇಕು. ಮೈ ಬಿಸಿಯಾಗಿರುವಾಗ, ನಡೆದು ಬಂದ ತಕ್ಷಣ ಮಾಡಿದರೆ ಒಳ್ಳೆಯದು. ಭಾರ ಮಾತ್ರ ಎತ್ತಬಾರದು, ಎತ್ತಿದರೆ ಕೈ ಊದುತ್ತದೆ. ಹನ್ನೆರಡು ಕಿಲೋ ತೂಗುವ ಪುಟ್ಟಿಯ ವಿಷಯ ಕತ್ತರಿಯಕ್ಕ ಅಲ್ಲಿ ಎತ್ತಲಿಲ್ಲ.

ಕಾರ್ಖಾನೆಯ ಒಡತಿ ಕೆಟ್ಟವಳಲ್ಲ. "ಶಾಲೆ ಶುರುವಾಗೋ ಮುಂಚೆ ಆರ್ಡರ್ ಮುಗೀಬೇಕು ಕತ್ತರಿಯಕ್ಕ. ಹತ್ತು ವಾರ ನಿಮ್ಮ ಜಾಗ ಖಾಲಿ ಇಟ್ಟಿರ್ತೀನಿ. ಆಮೇಲೆ ಆಗಲ್ಲ," ಎಂದಿದ್ದಳು. ಕತ್ತರಿಸುವ ಮೇಜಿನ ಹಿಂದಿನ ಗೋಡೆಯಲ್ಲಿ ಸಾಲಾಗಿ ಮೊಳೆಗಳು, ಅವುಗಳಿಗೆ ರಟ್ಟಿನ ಅಚ್ಚುಗಳನ್ನು ನೇತುಹಾಕಿರುತ್ತಾರೆ, ಚಡ್ಡಿಯದು, ಅಂಗಿಯದು, ಕಾಲರಿನದು. "ಕೈ ಆ ಮೊಳೆ ಮುಟ್ಟಿದ್ರೆ ಮೇಜಿನ ಆಚೆ ಅಂಚೂ ಮುಟ್ಟುತ್ತೆ. ಮುಟ್ಟಿದ ದಿನ ಬಂದುಬಿಡಿ."

ಅವಳು ಅಲ್ಲೇ ಟೇಪು ಹಿಡಿದು ಅಳೆದಳು. ಎಪ್ಪತ್ತೆರಡು ಇಂಚು. ಮನೆಗೆ ಬಂದು ಅಡುಗೆಮನೆ ಬಾಗಿಲ ಪಕ್ಕದ ಗೋಡೆಯಲ್ಲಿ ಎಪ್ಪತ್ತೆರಡಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಆ ದಿನ ಅವಳ ಬೆರಳು ಹತ್ತಿದ್ದು ಐವತ್ತಾರಕ್ಕೆ. ಬೇರೆ ಯಾರ ಮಾತೂ ಅವಳ ತಲೆಗೆ ಹೋಗಲಿಲ್ಲ. ಹತ್ತು ವಾರ, ಹದಿನಾರು ಇಂಚು, ಅಷ್ಟೇ ಲೆಕ್ಕ.

ಆದರೆ ಕಾಲು ಬೀದಿಗೆ ಬೀಳಬೇಕಲ್ಲ! ಮೊದಲ ಎರಡು ವಾರ ಅವಳು ಮೂಲೆಯವರೆಗೆ ಹೋಗಿ ವಾಪಸು ಬಂದಳು. ಹನ್ನೊಂದು ನಿಮಿಷ. ಮನೆಯ ಕೆಲಸ ಮುಗಿಯುವ ಹೊತ್ತಿಗೆ ಮೈಯಲ್ಲಿ ಜೀವವೇ ಇರುತ್ತಿರಲಿಲ್ಲ. ಒಳ ಅಂಗಿಯ ಬಲಗಡೆಗೆ ಹತ್ತಿ ತುಂಬಿ ಅವಳೇ ಹೊಲಿದುಕೊಂಡ ಗವಸು ಇತ್ತು, ಜೋರಾಗಿ ನಡೆದರೆ ಅದು ಕತ್ತಿನ ಕಡೆ ಏರಿಬಿಡುತ್ತಿತ್ತು. ಬೀದಿಯಲ್ಲಿ ನಿಂತು ಅದನ್ನು ಕೆಳಗೆಳೆಯುವುದು ಹೇಗೆ? ಎದುರು ಮನೆಯವಳು ಬೇರೆ ಬೇಲಿಯ ಮೇಲಿಂದ ಬಗ್ಗಿ, "ಅಯ್ಯೋ, ನೀವೇನಾ? ನಾನು ಇನ್ನೇನೋ ಅಂದ್ಕೊಂಡಿದ್ದೆ," ಎಂದಳು. ಏನಂದುಕೊಂಡಿದ್ದಳೋ ಮಹಾತಾಯಿ! ಮಾರನೆಯ ದಿನ ಕತ್ತರಿಯಕ್ಕ ಹೋಗಲೇ ಇಲ್ಲ.

ಗಂಡನ ತಾಯಿ, ಎಪ್ಪತ್ತಾರರ ಮುದುಕಿ, ಇದನ್ನೆಲ್ಲ ಮೂಲೆಯ ಮಂಚದಲ್ಲಿ ಬೆಳ್ಳುಳ್ಳಿ ಸುಲಿಯುತ್ತ ನೋಡುತ್ತಿದ್ದಳು. ಅವಳಿಗೂ ಕತ್ತರಿಯಕ್ಕನಿಗೂ ಮೂವತ್ತು ವರ್ಷದಿಂದ ಅಷ್ಟಕ್ಕಷ್ಟೇ. ಒಬ್ಬಳು ಉಪ್ಪು ಜಾಸ್ತಿ ಅಂದರೆ ಇನ್ನೊಬ್ಬಳು ಡಬ್ಬಿಯನ್ನೇ ಮುಂದಿಡುವಳು. ಕಾಯಿಲೆ ಬಂದ ಮೇಲೆ ಅದೂ ನಿಂತುಹೋಗಿತ್ತು. ರೋಗಿಯ ಹತ್ತಿರ ಜಗಳ ಆಡಬಾರದೆಂದು ಕತ್ತರಿಯಕ್ಕನ ಗಂಡ ಕಟ್ಟಪ್ಪಣೆ ಮಾಡಿದ್ದ. ಬಾಯಿಗೆ ಬೀಗ ಹಾಕಿಸಿಕೊಂಡ ಮುದುಕಿ ಒಂಬತ್ತು ತಿಂಗಳು ಬೆಳ್ಳುಳ್ಳಿ ಸುಲಿದೇ ಸುಲಿದಳು.

ಮೂರನೆಯ ವಾರ ಒಂದು ಸಂಜೆ ಕತ್ತರಿಯಕ್ಕನ ಸೊಸೆ ಮತ್ತೆ ಗುಡಿಸು ಒರೆಸು ಪುರಾಣ ತೆಗೆದಾಗ ಮುದುಕಿ ತಟ್ಟೆ ಪಕ್ಕಕ್ಕಿಟ್ಟಳು. "ನಾನು ಹೋಗ್ತೀನಿ ಇವಳ ಜತೆ."

"ನೀನಾ?" ಗಂಡ ಬೆಚ್ಚಿದ. "ಅಮ್ಮ, ನಿನ್ನ ಮಂಡಿ..."

"ನನ್ನ ಮಂಡಿ ನನ್ನ ಹತ್ರಾನೇ ಇದೆ. ಈ ಮನೇಲಿ ಕೂತು ಕೂತು ಬೆನ್ನಿಗೆ ಬೇರು ಬಂದಿದೆ. ಎಲ್ಲಿ, ನಿನ್ನ ಹಳೇ ಬೂಟು ಕೊಡು."

ಅವನು ಸವೆಸಿ ಬಿಸಾಕಿದ ಕ್ಯಾನ್ವಾಸು ಬೂಟಿನ ತುದಿಗೆ ಚಿಂದಿ ಬಟ್ಟೆ ತುರುಕಿ ಕಾಲಿಗೆ ಏರಿಸಿಕೊಂಡಳು. ಪುಟ್ಟಿ ಚಪ್ಪಾಳೆ ತಟ್ಟಿ ಕುಣಿಯಿತು. ಮನೆ ಬಿಟ್ಟು ಇಸ್ತ್ರಿ ಅಂಗಡಿ ದಾಟುವವರೆಗೂ ಅತ್ತೆ ಸೊಸೆ ಇಬ್ಬರೂ ಮಾತಿಲ್ಲದೆ ನಡೆದರು, ಒಬ್ಬರು ಈ ಅಂಚಿಗೆ, ಒಬ್ಬರು ಆ ಅಂಚಿಗೆ. ಸೈಕಲ್ ರಿಪೇರಿಯವನ ಮುಂದೆ ಬಂದಾಗ ಮುದುಕಿ ಎದುರು ನೋಡಿಕೊಂಡೇ ಹೇಳಿದಳು.

"ನೀನು ಈ ಮನೆಗೆ ಬಂದ ವಾರಾನೇ ನನ್ನ ಕಿಟಕಿ ಪರದೆ ಕತ್ತರಿಸಿ ಹಾಕಿದೆ."

ಕತ್ತರಿಯಕ್ಕ ಗಕ್ಕನೆ ನಿಂತಳು. "ಏನು?"

"ನೀಲಿ ಪರದೆ. ಕೈ ಪಳಗಲಿ ಅಂತ ರವಿಕೆ ಹೊಲಿಯೋಕೆ. ನಾನು ನೋಡಿಲ್ಲ ಅಂದ್ಕೊಂಡಿದ್ಯಾ?"

"ಆ ಪರದೆ ಇಲಿ ಕಡಿದಿತ್ತು ಅತ್ತೆ!"

"ನಿನ್ನ ಕತ್ತರಿಗೆ ಇಲಿ ಅಂತ ಹೆಸರಿಟ್ಟಿದ್ಯೇನೋ."

"ಮೂವತ್ತು ವರ್ಷ ಇದನ್ನ ಹೊಟ್ಟೇಲಿ ಇಟ್ಕೊಂಡಿದ್ರಾ? ಹಾಗಾದ್ರೆ ನಾನೂ ಹೇಳ್ತೀನಿ ಕೇಳಿ. ನಿಮ್ಮ ಮಗ ಹುಟ್ಟಿದಾಗ... ಅಲ್ಲ, ನನ್ನ ಮಗ ಹುಟ್ಟಿದಾಗ ನಂಗೆ ಹಾಲು ಅಳೆದು ಕೊಟ್ರಿ. ಅರ್ಧ ಲೋಟ. ನಿಮ್ಮ ಮಗಳ ಬಾಣಂತನಕ್ಕೆ ತುಂಬಾ ಎರಡು ಲೋಟ!"

"ನಿನಗೆ ಹಾಲು ಕುಡಿದ್ರೆ ವಾಂತಿ ಬರ್ತಿತ್ತು ಕಣೇ ಮಾರಾಯ್ತಿ!"

"ಬರ್ತಿರಲಿಲ್ಲ!"

ಜಗಳ ಏರಿದ ಹಾಗೆ ಕಾಲೂ ಜೋರಾಯಿತು. ಶಾಲೆಯ ಗೋಡೆ ಹಿಂದೆ ಸರಿಯಿತು, ನೀರಿನ ಟ್ಯಾಂಕು ಹಿಂದೆ ಸರಿಯಿತು. ರೈಲು ಹಳಿಯ ಪಕ್ಕದ ಗೋಡೆ ಬಂದಾಗ ಇಬ್ಬರೂ ಏದುಸಿರು ಬಿಡುತ್ತ ನಿಂತರು. ಕತ್ತರಿಯಕ್ಕ ಗಡಿಯಾರ ನೋಡಿಕೊಂಡಳು. ಇಪ್ಪತ್ತು ನಿಮಿಷ. ವಾಪಸು ಹೋದರೆ ನಲವತ್ತು. ಅವಳಿಗೆ ಆ ಆಸ್ಪತ್ರೆಯ ಹುಡುಗಿಯ ಮಾತು ನೆನಪಾಗಿ ನಗು ಬಂತು. ಮಾತಾಡಲು ಆಗುತ್ತಿತ್ತು, ಹಾಡಲು ಆಗುತ್ತಿರಲಿಲ್ಲ. ಹತ್ತಿಯ ಗವಸು ಕತ್ತಿನ ಹತ್ತಿರ ಬಂದಿತ್ತು. ಮುದುಕಿ ಅದನ್ನು ನೋಡಿ, "ನಿಲ್ಲು," ಎಂದು ಅವಳಿಗೆ ಅಡ್ಡ ನಿಂತು, ಬೀದಿಗೆ ಬೆನ್ನು ಕೊಟ್ಟಳು. "ಹೂಂ, ಸರಿ ಮಾಡ್ಕೋ. ಯಾರೂ ನೋಡ್ತಿಲ್ಲ. ಹೊಲಿಯೋಕೆ ಬರುತ್ತೆ ಅಂತಾಳೆ, ಒಂದು ಲಾಡಿ ಹಾಕೋಕೆ ಬರಲ್ಲ."

ಅಂದು ರಾತ್ರಿಯ ಊಟಕ್ಕೆ ಮೊದಲೇ ಅವಳು ಲಾಡಿ ಹೊಲಿದು ಮುಗಿಸಿದಳು.

ಆಮೇಲೆ ದಿನವೂ ಇದೇ. ಐದೂವರೆಗೆ ಮುದುಕಿ ಚಿಂದಿ ತುರುಕಿದ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಲ್ಲುವಳು. "ಬಾರೇ, ನಿನ್ನೇದು ಬಾಕಿ ಉಳಿದಿದೆ." ಇಸ್ತ್ರಿ ಅಂಗಡಿಯವರೆಗೆ ಅಡುಗೆಯ ತಕರಾರು, ಶಾಲೆಯವರೆಗೆ ನಾದಿನಿಯ ಮದುವೆಯಲ್ಲಿ ಆದ ಅವಮಾನ, ಟ್ಯಾಂಕಿನಿಂದ ಹಳಿಯವರೆಗೆ ಕಾರ್ಖಾನೆಗೆ ಹೋಗಲು ಬಿಡದೆ ಮಾಡಿದ ರಂಪ. ಒಂದು ದಿನ ಜಗಳಕ್ಕೆ ವಿಷಯ ಸಾಲದೆ ಮುದುಕಿ ತನ್ನ ಸತ್ತುಹೋದ ಅತ್ತೆಯನ್ನು ಎಳೆದು ತಂದಳು, ಇಬ್ಬರೂ ಸೇರಿ ಅವಳನ್ನು ಬೈದುಕೊಂಡು ಬಂದರು. ಅಂದು ಮಾತ್ರ ನಾಲ್ಕು ನಿಮಿಷ ತಡವಾಯಿತು.

ಮನೆಗೆ ಬಂದು ಕತ್ತರಿಯಕ್ಕ ಗೋಡೆಗೆ ಎದುರು ನಿಂತರೆ ಟೇಪು ಹಿಡಿಯುವುದು ಮುದುಕಿಯ ಕೆಲಸ. "ಹತ್ತಿಸು. ಇನ್ನೂ. ಅಳಬೇಡ, ಹತ್ತಿಸು. ನನ್ನ ಪರದೆ ಎಷ್ಟು ಎತ್ತರದಲ್ಲಿತ್ತು, ಅದನ್ನ ಎಳೆದು ಹಾಕುವಾಗ ಕೈ ಹೋಗ್ತಿತ್ತಲ್ಲ!" ಅರವತ್ತು. ಅರವತ್ತಮೂರು. ಆರನೆಯ ವಾರದ ಕೊನೆಗೆ ಅರವತ್ತೆಂಟು. ಗೋಡೆಯ ಮೇಲೆ ಸುಣ್ಣದ ಗೆರೆಗಳು ಏಣಿಯ ಹಾಗೆ ಎದ್ದವು. ಅವಳಿಗೆ ನಿದ್ದೆ ಬರುತ್ತಿತ್ತು, ಹಸಿವಾಗುತ್ತಿತ್ತು. ಬೆಳಗ್ಗೆ ಎದ್ದಾಗ ಕಾಲು ತನ್ನದೇ ಅನ್ನಿಸುತ್ತಿತ್ತು. ಖುಷಿಯಾಗಿದ್ದಳು. ಖುಷಿಯಾಗಿದ್ದೇನೆ ಎಂದರೆ ಕೇಳಿಸಿಕೊಳ್ಳಲು ಮನೆಯಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ.

ಸೊಸೆಗಂತೂ ಮುಖ ಊದಿತ್ತು. ಐದೂವರೆಗೆ ಬಂದ ಕೂಡಲೇ ಪುಟ್ಟಿ ಅವಳ ಕೈಗೆ. "ನಾನೂ ಈಗ ತಾನೇ ಬಂದಿರ್ತೀನಿ ಅತ್ತೆ. ಒಂದು ಗಂಟೆ ಕೂರೋ ಹಾಗಿಲ್ಲ," ಎಂದಳು ಒಂದು ದಿನ. ಅದೂ ಸುಳ್ಳಲ್ಲ. ಆದರೆ ಅದೇ ಹೊತ್ತಿಗೆ ಪಕ್ಕದ ಕುರ್ಚಿಗಳಲ್ಲಿ ಕಾಲು ಚಾಚಿದ ಇಬ್ಬರು ಗಂಡಸರು ಅವಳ ಕಣ್ಣಿಗೆ ಬೀಳಲಿಲ್ಲ.

ಏಳನೆಯ ವಾರ ಆದದ್ದು ಬೇರೆ ಥರದ ಜಗಳ. ಇಸ್ತ್ರಿ ಅಂಗಡಿಯ ಮುಂದೆಯೇ ಶುರುವಾಯಿತು. ಇಷ್ಟು ದಿನ ನುಂಗಿಕೊಂಡಿದ್ದು ಕತ್ತರಿಯಕ್ಕನ ಬಾಯಿಂದ ಹೊರಗೆ ಬಿತ್ತು.

"ಆಪರೇಷನ್ ದಿನ ನೀವು ಯಾಕೆ ಬರಲಿಲ್ಲ?"

ಮುದುಕಿ ಹೆಜ್ಜೆ ಬಿರುಸು ಮಾಡಿದಳು.

"ಹನ್ನೊಂದು ದಿನ ಇದ್ದೆ ಆಸ್ಪತ್ರೇಲಿ. ಒಂದು ದಿನಾನೂ ಬರಲಿಲ್ಲ. ಎದುರುಮನೆಯವಳೂ ಬಂದಿದ್ಲು. ಸಾಯ್ಲಿ ಅಂತ ಕಾಯ್ತಿದ್ರಾ?"

"ಬಾಯಿಗೆ ಬಂದ ಹಾಗೆ ಮಾತಾಡಬೇಡ!"

"ಸಾಯ್ಲಿ ಅಂತ ಕಾಯ್ತಿದ್ರಾ, ಹೇಳಿ!"

ಮುದುಕಿ ಬೀದಿಯ ನಡುವೆ ನಿಂತು ಕಿರುಚಿದಳು. "ಗಂಟು ಇದೆ ಅಂತ ನೀನು ನಂಗೆ ಹೇಳಿದ್ಯಾ? ಕಾರ್ಖಾನೇಲಿ ಗುಂಡಿ ಹಚ್ಚೋರಿಗೆಲ್ಲ ಹೇಳಿದೆ. ಒಂದೇ ಗೋಡೆ ಆಚೆ ಮಲಗೋಳು ನಾನು. ನಂಗೆ ಕಡೇಲಿ ಗೊತ್ತಾಯ್ತು. ಯಾವ ಮುಖ ಇಟ್ಕೊಂಡು ಬರಲಿ? ಬಂದಿದ್ರೆ, ಹೆಣ ನೋಡೋಕೆ ಬಂದ್ಲು ಮುದುಕಿ ಅಂತ ನೀನೇ ಅಂತಿದ್ದೆ. ಭಯ ಆಗಿತ್ತು ಕಣೇ ನಂಗೆ! ನೀನು ಹೋದ್ರೆ ಈ ಮನೇಲಿ ನನ್ನ ಜತೆ ಜಗಳ ಆಡೋರು ಯಾರಿದ್ದಾರೆ?"

ಕತ್ತರಿಯಕ್ಕ ಅಲ್ಲೇ ಕಣ್ಣೊರೆಸಿಕೊಂಡಳು. ಮುದುಕಿ, "ನಡಿ, ನಿಂತ್ರೆ ಲೆಕ್ಕಕ್ಕಿಲ್ಲ," ಎಂದು ಮುಂದೆ ನಡೆದಳು. ಅಂದು ಹಳಿಯವರೆಗೂ ಇಬ್ಬರೂ ಬೈದಾಡಲಿಲ್ಲ, ಆದರೂ ಹೆಜ್ಜೆ ನಿಧಾನವಾಗಲಿಲ್ಲ. ಆ ಸಂಜೆ ಬೆರಳು ಅರವತ್ತೊಂಬತ್ತೂವರೆ ಮುಟ್ಟಿತು.

ಇತ್ತ ಇಸ್ತ್ರಿಯವನು ಪೆಟ್ಟಿಗೆ ಮೇಲೆತ್ತಿ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಕೇಳಿಸಿಕೊಂಡಿದ್ದು ಅರ್ಧ, ಹೇಳಿದ್ದು ಒಂದೂವರೆ ಪಾಲು. ಆ ಬೀದಿಗಳಲ್ಲೇ ಮೀಟರ್ ಓದುವ ಗಂಡನಿಗೆ ಮೂರು ದಿನದಲ್ಲಿ ಸುದ್ದಿ ಮನೆಮನೆಯಲ್ಲೂ ಸಿಕ್ಕಿತು. ಬ್ಯಾಗು ಮೇಜಿನ ಮೇಲೆ ಬಿಸಾಕಿ ಅವನು ಕೂಗಾಡಿದ.

"ಮೀಟರ್ ನೋಡೋಕೆ ಬಗ್ಗಿದ್ರೆ ಸಾಕು, ಬೆನ್ನ ಹಿಂದೆ ಕೇಳ್ತಾರೆ. ನಿಮ್ಮಮ್ಮ ನಿಮ್ಮ ಹೆಂಡ್ತಿ ಸಾಯ್ಲಿ ಅಂತ ಕಾಯ್ತಿದ್ರಂತೆ, ಹೌದಾ ಅಂತ! ಬೀದೀಲಿ ನನ್ನ ಮಾನ ಹರಾಜು ಹಾಕ್ತಿದ್ದೀರಲ್ಲ ಇಬ್ಬರೂ!"

"ಅದು ಜಗಳ ಅಲ್ಲ ಕಣ್ರೀ," ಎಂದಳು ಕತ್ತರಿಯಕ್ಕ.

"ಮತ್ತೇನು, ಸಂಗೀತ ಕಛೇರೀನಾ?"

"ಹಾಗೆ ಮಾತಾಡ್ತಾ ಹೋದ್ರೇನೇ ಕಾಲು ಓಡೋದು..."

"ಅಪ್ಪ ಹೇಳೋದು ಸರಿ ಅಮ್ಮ," ಎಂದ ಮಗ. "ನಿಂಗೆ ಟೆನ್ಷನ್ ಆಗಬಾರದು. ಅಜ್ಜಿ ಹತ್ತಿರ ಇದ್ರೆ ನಿಂಗೆ ನೆಮ್ಮದಿ ಇಲ್ಲ."

ಅವರ ಪಾಲಿಗೆ ಅದು ಅವಳ ಮೇಲಿನ ಕಾಳಜಿ. ಗಂಡ ತನ್ನ ತಂಗಿಗೆ ಫೋನು ಮಾಡಿದ. ಊರಿನ ಆ ತುದಿಯಲ್ಲಿ ಅವಳ ಮನೆ, ಮೂರನೆಯ ಮಹಡಿ, ಲಿಫ್ಟು ಇಲ್ಲ. ಎರಡು ತಿಂಗಳು ಅಮ್ಮ ನಿನ್ನ ಹತ್ತಿರ ಇರಲಿ ಎಂದ. ಭಾನುವಾರ ಮುದುಕಿಯ ಬಟ್ಟೆಗಳು ಚೀಲ ಸೇರಿದವು.

ಕತ್ತರಿಯಕ್ಕ ಗಂಡನನ್ನು ಅಡುಗೆಮನೆಗೆ ಕರೆದಳು. "ಕಳಿಸಬೇಡಿ ಅವರನ್ನ. ಇನ್ನು ಮೂರೇ ವಾರ ಇರೋದು ನಂಗೆ. ಎರಡೂವರೆ ಇಂಚು."

ಗಂಡ ಅವಳನ್ನೇ ನೋಡಿದ. "ನಿನಗೆ ತಲೆ ಸರಿ ಇದೆಯಾ? ನಮ್ಮಮ್ಮನ್ನ ಎಲ್ಲಾದರೂ ಕಳಿಸಿ, ಕಳಿಸಿ ಅಂತ ಮೂವತ್ತು ವರ್ಷ ನನ್ನ ತಲೆ ತಿಂದಿದ್ದೀಯ. ಈಗ ಕಳಿಸಿದ್ರೆ ಅಳ್ತೀಯ!"

ಅದು ನಿಜ. ಅವಳು ಹಿಂದೆ ಸರಿದು ಬಾಗಿಲ ಪಕ್ಕ ನಿಂತಳು. ಮುದುಕಿ ಚಪ್ಪಲಿ ಮೆಟ್ಟಿ, ಚೀಲ ಯಾರ ಕೈಗೂ ಕೊಡದೆ ಹೊರಟಳು. ಬಾಗಿಲು ದಾಟುವಾಗ, "ನನ್ನನ್ನ ಸಾಮಾನಿನ ಹಾಗೆ ಸಾಗಿಸ್ತಿದ್ದಾರೆ, ನೋಡ್ತಾ ನಿಂತಿದ್ದಾಳೆ," ಎಂದಳು, ಯಾರಿಗೆಂದು ಹೇಳದೆ. ಬೂಟು ಕಪಾಟಿನ ಕೆಳಗೇ ಉಳಿಯಿತು, ತುದಿಯಲ್ಲಿ ಚಿಂದಿಯ ಸಮೇತ.

ಮುದುಕಿ ಹೋದ ಮೇಲೆ ಗೊತ್ತಾಯಿತು, ಮಂಚದಲ್ಲಿ ಕೂತೇ ಅವಳು ಎಷ್ಟು ಕೆಲಸ ಎಳೆಯುತ್ತಿದ್ದಳೆಂದು. ಬೆಳ್ಳುಳ್ಳಿ, ಹುರುಳಿಕಾಯಿ, ಬಟ್ಟೆ ಮಡಿಸುವುದು, ಮಧ್ಯಾಹ್ನ ಪುಟ್ಟಿಯನ್ನು ಮಲಗಿಸುವುದು. ಅದೆಲ್ಲ ಈಗ ಕತ್ತರಿಯಕ್ಕನ ಮೇಲೆ ಬಿತ್ತು. ಮಧ್ಯಾಹ್ನ ಮಲಗದ ಪುಟ್ಟಿ ಹಟ ಹಿಡಿದು ಹೆಗಲೇರುತ್ತಿತ್ತು. ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಊದಿಕೊಂಡಿತು. ಎರಡು ಸಂಜೆ ಅವಳು ಒಬ್ಬಳೇ ಹೊರಟಳು. ಸೈಕಲ್ ರಿಪೇರಿಯವನ ಹತ್ತಿರ ಬರುವಷ್ಟರಲ್ಲಿ ಕಾಲು ಎಳೆಯತೊಡಗಿತು. ಇಸ್ತ್ರಿಯವನು ಬೇರೆ, "ಏನಕ್ಕ, ಇವತ್ತು ಅಜ್ಜಿ ಇಲ್ವಾ?" ಎಂದು ಹಲ್ಲು ಕಿರಿದ. ವಾಪಸು ಬಂದಳು. ಮೂರನೆಯ ದಿನ ಬೂಟಿನ ದಾರ ಕಟ್ಟಲಿಲ್ಲ. ಯಾಕೆ ಕಟ್ಟಲಿಲ್ಲ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಐದೂವರೆಗೆ ಚಹಾ ಸಿಕ್ಕಿತಲ್ಲ, ಎಲ್ಲರಿಗೂ ನೆಮ್ಮದಿ.

ಹತ್ತನೆಯ ವಾರದ ಕೊನೆಯ ದಿನ ಅವಳು ಕಾರ್ಖಾನೆಗೆ ಹೋದಳು. ಹೊಲಿಗೆ ಯಂತ್ರಗಳ ಸದ್ದು ಕೇಳಿದ ಕೂಡಲೇ ಎದೆ ಹಗುರವಾಯಿತು. ಮೇಜಿನ ಮೇಲೆ ಬೂದು ಬಣ್ಣದ ಬಟ್ಟೆ ಹಾಸಿತ್ತು. ಗೋಡೆಯ ಮೊಳೆಗಳಲ್ಲಿ ಅಚ್ಚುಗಳು. ಇಪ್ಪತ್ತೆಂಟರ ಸೊಂಟದ ಚಡ್ಡಿಯ ಅಚ್ಚು ಅವಳೇ ಕತ್ತರಿಸಿ ಮಾಡಿದ್ದು, ಅಂಚಿನಲ್ಲಿ ಅವಳ ಅಕ್ಷರವಿತ್ತು. ಕೈ ಎತ್ತಿದಳು. ಬೆರಳು ಗೋಡೆ ಹತ್ತಿತು. ಹೆಗಲಲ್ಲಿ ತಂತಿ ಎಳೆದಂತಾಯಿತು. ತುದಿಗಾಲಲ್ಲಿ ನಿಂತಳು. ಮೊಳೆಗೂ ಬೆರಳಿಗೂ ನಡುವೆ ನಾಲ್ಕು ಬೆರಳು ಅಗಲದ ಗೋಡೆ ಉಳಿದೇ ಇತ್ತು. ಇಪ್ಪತ್ತು ಯಂತ್ರಗಳು ಒಂದೊಂದಾಗಿ ನಿಂತವು, ಎಲ್ಲರೂ ನೋಡಿದರು.

ಆ ಹತ್ತು ವಾರಕ್ಕೆಂದು ಬಂದಿದ್ದ ಹೊಸ ಕಟಿಂಗ್‌ನವನು ಪಾಪದವನು. "ಅಕ್ಕ, ಸ್ಟೂಲ್ ಕೊಡ್ಲಾ?" ಎಂದ.

"ಇಲ್ಲಿಗೆ ಸ್ಟೂಲ್ ಹಾಕ್ತೀಯಪ್ಪ. ಮೇಜಿನ ಆಚೆ ಅಂಚಿಗೆ ಎಲ್ಲಿ ಹಾಕ್ತೀಯ?" ಎಂದು ಅವಳು ಕೈ ಇಳಿಸಿದಳು.

ಒಡತಿ ಅವಳನ್ನು ಒಳಗೆ ಕರೆದು ನೀರು ಕೊಟ್ಟಳು. ಊದಿದ ಕೈ ನೋಡಿ ಬೇಜಾರು ಮಾಡಿಕೊಂಡಳು. "ದಾರದ ತುದಿ ಕತ್ತರಿಸೋ ಕೆಲಸ ಇದೆ ಕತ್ತರಿಯಕ್ಕ. ಕೂತು ಮಾಡೋದು. ಬರ್ತೀರಾ?" ನಲವತ್ತು ಪದರ ಬಟ್ಟೆ ಕತ್ತರಿಸಿದವಳು ದಾರದ ತುದಿ ಕತ್ತರಿಸಬೇಕು! ಯೋಚಿಸಿ ಹೇಳುತ್ತೇನೆ ಎಂದು ಹೇಳಿ ಬಂದಳು. ಯೋಚಿಸುವುದಕ್ಕೇನೂ ಇರಲಿಲ್ಲ.

ಮನೆಯಲ್ಲಿ ಸುದ್ದಿ ಕೇಳಿ ಯಾರೂ ಸಂತೋಷಪಟ್ಟಂತೆ ತೋರಿಸಿಕೊಳ್ಳಲಿಲ್ಲ. ಆದರೆ ಊಟಕ್ಕೆ ಕೂತಾಗ ಮಗ ಎರಡನೆಯ ಸಲ ಅನ್ನ ಹಾಕಿಸಿಕೊಂಡ. ಸೊಸೆ ಎಂದೂ ಇಲ್ಲದ ಪ್ರೀತಿಯಿಂದ, "ಹೋಗ್ಲಿ ಬಿಡಿ ಅತ್ತೆ, ಆರಾಮಾಗಿ ಮನೇಲಿರಿ. ಪುಟ್ಟಿಗೂ ನೀವಂದ್ರೆ ಪ್ರಾಣ," ಎಂದಳು. ಕತ್ತರಿಯಕ್ಕ ಇನ್ನಷ್ಟು ಆಲೂಗಡ್ಡೆ ತರಲು ಎದ್ದಾಗ ಅಡುಗೆಮನೆ ಬಾಗಿಲ ಪಕ್ಕದ ಗೋಡೆ ಖಾಲಿಯಾಗಿತ್ತು. ಒಂದು ಗೆರೆಯೂ ಇರಲಿಲ್ಲ, ಒದ್ದೆಯ ಕಲೆ ಮಾತ್ರ.

"ಯಾರು ಒರೆಸಿದ್ದು ಇದನ್ನ?"

"ನಾನೇ ಅಮ್ಮ," ಎಂದ ಮಗ ಮೆತ್ತಗೆ. "ನೋಡಿ ನೋಡಿ ನೀನು ಬೇಜಾರು ಪಟ್ಕೋಬಾರದು ಅಂತ."

"ಇನ್ನು ಆ ನಡಿಗೆ, ಗೋಡೆ ಹತ್ತೋದು ಎಲ್ಲ ಸಾಕು," ಎಂದ ಗಂಡ. "ಕೆಲಸಕ್ಕೆ ಹೋಗಬೇಕು ಅಂತ ತಾನೇ ಮಾಡ್ತಿದ್ದಿದ್ದು? ಈಗ ಯಾಕೆ?"

"ಬದುಕೋಕೂ ಮಾಡ್ತಿದ್ದೆ," ಎಂದಳು ಅವಳು.

"ಬದುಕಿದ್ದೀಯಲ್ಲ!" ಎಂದು ಗಂಡ ತಟ್ಟೆ ಮುಂದಕ್ಕೆ ತಳ್ಳಿದ. "ಇನ್ನು ಸ್ವಲ್ಪ ಅನ್ನ ಹಾಕು."

ಅವಳು ಹಾಕಿದಳು. ಈ ಮನೆಯಲ್ಲಿ ತಾನು ಇನ್ನೂ ಹತ್ತು ವರ್ಷ ಬದುಕುವುದು ಯಾರ ಲೆಕ್ಕದಲ್ಲೂ ಒಂದು ಕೆಲಸವೇ ಅಲ್ಲ ಎಂದು ಅವಳಿಗೆ ಆಗ ಅರ್ಥವಾಯಿತು.

ಮುಂದಿನ ಭಾನುವಾರ ಸಂಜೆ ಫೋನು ಬಂತು. ನಾದಿನಿ, "ಅಮ್ಮ ಬೆಳಗ್ಗಿಂದ ಪ್ರಾಣ ತಿಂತಿದ್ದಾಳೆ, ನಿಮ್ಮ ಹತ್ರ ಮಾತಾಡಬೇಕಂತೆ. ಬೇಗ ಮುಗಿಸಿ," ಎಂದು ಮುದುಕಿಗೆ ಕೊಟ್ಟಳು.

"ನಡೆದ್ಯಾ ಇವತ್ತು?" ಎಂದಿತು ಮುದುಕಿಯ ದನಿ. ನೆಗಡಿಯಾದವರ ಹಾಗೆ ಕುಗ್ಗಿತ್ತು.

"ಹೂಂ ಅತ್ತೆ. ಈಗ ತಾನೇ ಬಂದೆ."

"ಸುಳ್ಳು ಬೊಗಳಬೇಡ. ಏದುಸಿರೇ ಇಲ್ಲ ನಿನಗೆ."

ಕತ್ತರಿಯಕ್ಕ ಗೋಡೆಗೆ ಒರಗಿದಳು. "ನೀವು ನಡೆದ್ರಾ?"

"ಎಲ್ಲಿಗೆ ನಡೀಲಿ? ಮೆಟ್ಟಿಲು ಇಳಿಯೋಕೆ ಬಿಡಲ್ಲ ಇವಳು. ಬಿದ್ದುಬಿಡ್ತೀನಂತೆ. ಕಿಟಕಿ ಹತ್ರ ಹೂಕುಂಡದ ಹಾಗೆ ಕೂರಿಸ್ತಾಳೆ. ಒಂದು ತಿಂಗಳೊಳಗೆ ಕಾಲು ಊದಿದೆ. ಇನ್ನು ನಾನು ಆ ಮೆಟ್ಟಿಲು ಇಳಿಯೋದು ನನ್ನ ಕಾಲ ಮೇಲಲ್ಲ ಬಿಡು."

"ಹಾಗನ್ನಬೇಡಿ. ನಂದೇ ತಪ್ಪು. ಆವತ್ತು ನಾನು ಬಾಗಿಲಿಗೆ ಅಡ್ಡ ನಿಲ್ಲಬೇಕಿತ್ತು."

"ನಿಲ್ಲಬೇಕಿತ್ತು. ನಿಲ್ಲಲಿಲ್ಲ. ನಮ್ಮ ಮನೆಗೆ ಬಂದ ಮೇಲೆ ನೀನು ಮಾಡಿದ ತಪ್ಪಲ್ಲೆಲ್ಲ ಅದೇ ದೊಡ್ಡದು."

"ಪರದೆಗಿಂತಾನಾ?"

"ಪರದೆ ಏನು, ಹಾಳಾಗಿ ಹೋಗ್ಲಿ!" ಮುದುಕಿಯ ಗಂಟಲಿಗೆ ಸ್ವಲ್ಪ ಹಳೆಯ ಕಸುವು ಬಂತು. "ಎದ್ದು ನಿಲ್ಲೇ. ಫೋನು ಕಿವಿಗೆ ಇಟ್ಕೊಂಡೇ ಎದ್ದೇಳು. ನಾನು ಇಲ್ಲಿ ಕೂತು ಬೈತೀನಿ, ನೀನು ನಡಿ."

ಅವಳು ಎದ್ದಳು. ಕಪಾಟಿನ ಕೆಳಗೆ ಮುದುಕಿಯ ಬೂಟನ್ನು ಪಕ್ಕಕ್ಕೆ ಸರಿಸಿ ತನ್ನದನ್ನು ಎಳೆದಳು. ಹೆಗಲಿಗೆ ಜೋತುಬಿದ್ದಿದ್ದ ಪುಟ್ಟಿಯನ್ನು ಬಿಡಿಸಿ ಕುರ್ಚಿಯಲ್ಲಿ ಕೂತಿದ್ದ ಗಂಡನ ತೊಡೆಯ ಮೇಲೆ ಕೂರಿಸಿದಳು.

"ಏಯ್, ಎಲ್ಲಿಗೆ? ಚಹಾ?" ಎಂದ ಗಂಡ.

"ನಿಮ್ಮಮ್ಮನ ಜತೆ ಜಗಳ ಆಡೋಕೆ," ಎಂದು ಅವಳು ಮೆಟ್ಟಿಲಿಳಿದಳು.

ಕತ್ತರಿಯಕ್ಕ ನಡೆಯುತ್ತ ಆದದ್ದನ್ನೆಲ್ಲ ಹೇಳಿದಳು, ಇಸ್ತ್ರಿ ಅಂಗಡಿಯವರೆಗೂ ಮುದುಕಿ ಬೈದಳು. ಕೈ ಊದಿಸಿಕೊಂಡಿದ್ದಕ್ಕೆ ಬೈದಳು, ಎರಡೂವರೆ ಇಂಚು ಬಿಟ್ಟುಕೊಟ್ಟಿದ್ದಕ್ಕೆ ಬೈದಳು, ಗೋಡೆ ಒರೆಸಿದವನ ಕೆನ್ನೆಗೆ ಬಾರಿಸದೆ ಬಂದಿದ್ದಕ್ಕೆ ಬೈದಳು. ಕತ್ತರಿಯಕ್ಕ ತಿರುಗಿಸಿ ಬೈದಳು.

ಕಾಲು ಬಿಸಿಯಾಗತೊಡಗಿತ್ತು. ಸೈಕಲ್ ರಿಪೇರಿಯವನ ಮುಂದೆ ಬಂದಾಗ ಆ ಕಡೆ ನಾದಿನಿಯ ದನಿ ಕೇಳಿತು. "ಸಾಕಮ್ಮ, ಕೊಡು ಇಲ್ಲಿ. ನೀನು ಹೀಗೆ ಕಿರುಚಿದ್ರೆ ಬಿ.ಪಿ. ಏರುತ್ತೆ." ಏನೋ ಕಿತ್ತುಕೊಂಡ ಸದ್ದು. ಆಮೇಲೆ ಏನೂ ಇಲ್ಲ.

ಅವಳು ಫೋನನ್ನು ಕಿವಿಯಿಂದ ತೆಗೆಯಲಿಲ್ಲ. "ಅರ್ಧ ಲೋಟ ಹಾಲು ಕೊಟ್ಟಿದ್ದು ನಿಜ ತಾನೇ? ಹೇಳಿ ಅತ್ತೆ, ನಿಜ ತಾನೇ?" ಎಂದು ಗಟ್ಟಿಯಾಗಿ ಕೇಳಿದಳು. ಸೈಕಲ್ಲಿನವನು ತಲೆಯೆತ್ತಿ ನೋಡಿದ. ಎದುರು ಬಂದ ಇಬ್ಬರು ಹೆಂಗಸರು ದಾರಿ ಬಿಟ್ಟು ಸರಿದರು. ಫೋನು ಸತ್ತುಹೋಗಿದೆ ಎಂದು ಅವಳಿಗೆ ಗೊತ್ತಿತ್ತು. ಬಾಯಿ ಮುಚ್ಚಿದರೆ ಕಾಲು ನಿಂತುಬಿಡುತ್ತದೆ ಎಂಬುದೂ ಗೊತ್ತಿತ್ತು. ಶಾಲೆಯ ಗೋಡೆ ದಾಟಿ ಟ್ಯಾಂಕಿನ ಕಡೆ ತಿರುಗುವಾಗಲೂ ಅವಳು ಬೈಯುತ್ತಲೇ ಇದ್ದಳು.